ಕೆಲಸ ಬಿಡಲು ಕಾರಣ

"ಆ ಬೋರ್ಡಲ್ಲಿ ಏನು ಬರ್ದೈತೆ ಅಂತ ಓದೇ ಮುಂಡೆ. ಕಣ್ಣು ಕಾಣ್ತೈತೆ ಅಂದ್ಯಲ್ಲ, ಓದು."

ಪ್ರೊಡಕ್ಷನ್ ಮ್ಯಾನೇಜರ್ ಭಾನುಪ್ರಕಾಶ್ ಹೀಗೆ ಕೇಳುವಾಗ ದುರ್ಗವ್ವನ ಎಡಗೈಯಲ್ಲಿ ಒಂದು ಗುಲಾಬಿ ಹೂವಿತ್ತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಮ್ಮ ಕಂಪನಿಯಲ್ಲಿ ಒಂದು ಹೂವು, ಒಂದು ಸೋನ್ ಪಾಪಡಿ ಕೊಟ್ಟು ಫೋಟೋ ಹಿಡಿಯುತ್ತಾರೆ. ಬಲಗೈಯಲ್ಲಿ ಸೂಜಿ ದಾರ. ಅದನ್ನು ಭಾನುಪ್ರಕಾಶೇ ಕೊಟ್ಟಿದ್ದ, ಪೋಣಿಸಿ ತೋರಿಸು ಅಂತ. ಅವಳು ದಾರದ ತುದಿಯನ್ನು ನಾಲಿಗೆಗೂ ತಾಗಿಸದೆ ಒಂದೇ ಸಲಕ್ಕೆ ಪೋಣಿಸಿದ್ದಳು. ಹತ್ತಿರದ್ದು ಕಂಡರೆ ಆಯಿತೇ, ದೂರದ್ದು ಕಾಣಬೇಡವೇ ಅಂತ ಆಮೇಲೆ ಈ ಬೋರ್ಡಿನ ಪರೀಕ್ಷೆ.

"ಇಂಗ್ಲೀಸು ಸಾರ್ ಅದು. ನಂಗೆ ಕನ್ನಡಾನೇ ಬರಾಕಿಲ್ಲ."

"ಕಾಣ್ತೈತೋ ಇಲ್ವೋ, ಅಷ್ಟು ಹೇಳು."

"ಕಾಣ್ತೈತೆ."

"ಕಂಡ್ರೆ ಓದು ಮತ್ತೆ." ಅವನು ಎಚ್.ಆರ್. ಸಾಹೇಬರ ಕಡೆ ತಿರುಗಿ ನಕ್ಕ. "ನೋಡಿ ಸಾರ್, ಕಾಣಲ್ಲ ಇವ್ಳಿಗೆ."

ಹೊಸಬರಿಗೆ ಸ್ವಾಗತ ಅಂತ ಬರೆದಿತ್ತು ಅದರಲ್ಲಿ. ನಾನು ಓದಬಲ್ಲವಳು, ಮೂರು ಮೊಳ ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದೆ.

ನನ್ನ ಹೆಸರು ವೇಣಿ. ಬೊಮ್ಮಸಂದ್ರದ ಆ ಗಾರ್ಮೆಂಟ್ಸಿನಲ್ಲಿ ನಾನೂ ಆರು ವರ್ಷ ಮಿಷಿನ್ ತುಳಿದವಳೇ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟಿದ್ದರೂ ಅಕ್ಷರ ದುಂಡಗಿದೆ ಅಂತ ಆಫೀಸಿಗೆ ಕರೆದು ಕೂರಿಸಿದರು. ಕುರ್ಚಿ ಸಿಕ್ಕಿತು, ತಲೆ ಮೇಲೆ ಫ್ಯಾನು ಸಿಕ್ಕಿತು, ಪೇಪರ್ ಲೋಟದ ಬದಲು ಗಾಜಿನ ಲೋಟದಲ್ಲಿ ಟೀ ಸಿಕ್ಕಿತು. ಕೆಲಸ ಏನೆಂದರೆ ರಾಜೀನಾಮೆ ಬರೆಯುವುದು. ನನ್ನದಲ್ಲ, ಬೇರೆಯವರದ್ದು.

ಐದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ ಕೊಡಬೇಕಲ್ಲ. ಅದಕ್ಕೆ ನಾಲ್ಕು ವರ್ಷ ಹತ್ತು ತಿಂಗಳು ಆಗುತ್ತಿದ್ದಂತೆ ಕರೆದು, ಸ್ವಂತ ಇಷ್ಟದಿಂದ ಬಿಡುತ್ತಿದ್ದೇನೆ ಅಂತ ಸಹಿ ಹಾಕಿಸುತ್ತಿದ್ದರು. ಮೂರು ದಿನ ಮನೆಯಲ್ಲಿದ್ದು ನಾಲ್ಕನೆಯ ದಿನ ಬಂದರೆ ಹೊಸ ಟೋಕನ್ ನಂಬರು, ಹೊಸಬರ ಸಂಬಳ. ಒಂಬತ್ತು ಸಾವಿರ ತೆಗೆದುಕೊಳ್ಳುತ್ತಿದ್ದವಳು ಮತ್ತೆ ಎಂಟಕ್ಕೆ ಇಳಿಯುತ್ತಿದ್ದಳು. ಸಹಿ ಹಾಕದಿದ್ದರೆ ನಾಲ್ಕನೆಯ ದಿನವೇ ಇಲ್ಲ. ಹೆಬ್ಬಗೋಡಿಯ ಕೃಷ್ಣಮ್ಮ ಅಲ್ಲಿ ಹದಿನಾಲ್ಕು ವರ್ಷದಿಂದ ಗುಂಡಿ ಹಾಕುತ್ತಿದ್ದಾಳೆ, ಎರಡು ಸಲ ಹೊಸಬಳಾಗಿದ್ದಾಳೆ.

ಪ್ರತಿ ತಿಂಗಳ ಕೊನೆಗೆ ಇಷ್ಟು ಜನ ಬಿಟ್ಟರು, ಇಷ್ಟು ಜನ ಸೇರಿದರು ಅಂತ ಕಂಪ್ಯೂಟರಿನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸುತ್ತಿದ್ದರು. ಒಂದು ದಿನ ಗೇಟಿನ ಎದುರು ಟೀ ಅಂಗಡಿಯ ಟಿ.ವಿ.ಯಲ್ಲಿ, ದೇಶದಲ್ಲಿ ಈ ತಿಂಗಳು ಲಕ್ಷಗಟ್ಟಲೆ ಜನ ಹೊಸದಾಗಿ ಕೆಲಸಕ್ಕೆ ಸೇರಿದ್ದಾರೆ ಅಂತ ಹೇಳುತ್ತಿದ್ದರು. ಕೃಷ್ಣಮ್ಮ ಬನ್ನು ಅದ್ದಿಕೊಂಡು ತಿನ್ನುತ್ತಾ, ಅದ್ರಾಗೆ ನಾನೂ ಇದ್ದೀನಿ ಕಣೇ, ಮಕ ತೋರ್ಸ್ತಾರೇನೋ ನೋಡು ಅಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಎಲ್ಲ ಕಾಗದದಲ್ಲೂ ಒಂದೇ ಕಾರಣ ಇದ್ದರೆ ತಪಾಸಣೆಗೆ ಬಂದವರಿಗೆ ಅನುಮಾನ ಬರುತ್ತದಂತೆ. ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಕಾರಣ ಹುಟ್ಟಿಸು ಅಂದಿದ್ದರು. ಹುಟ್ಟಿಸಿದೆ. ಹೆಬ್ಬಗೋಡಿಯಿಂದ ಬೊಮ್ಮನಹಳ್ಳಿವರೆಗಿನ ಅತ್ತೆಯರನ್ನೆಲ್ಲ ಕಾಯಿಲೆ ಬೀಳಿಸಿ ಮಲಗಿಸಿದೆ. ಮದುವೆಯಾಗದ ಮಗಳಿಗೆ ಬಾಣಂತನ ಮಾಡಿಸಿದೆ. ಊರಲ್ಲಿ ಒಂದು ಗೇಣು ಜಮೀನಿಲ್ಲದವರನ್ನು ಬೇಸಾಯಕ್ಕೆ ಕಳಿಸಿದೆ. ಒಳ್ಳೆ ಬರೀತೀಯ ಅಂತ ಹಳೇ ಎಚ್.ಆರ್. ಮೇಡಂ ಹೊಗಳಿದಾಗ ಹಿಗ್ಗಿದ್ದೂ ಉಂಟು. ಬರೆದದ್ದನ್ನು ಯಾರಿಗೂ ಓದಿ ಹೇಳಿದವಳಲ್ಲ. ಇಲ್ಲಿ ಹಾಕು ಅಂತ ಬೆರಳು ಇಟ್ಟು ತೋರಿಸುತ್ತಿದ್ದೆ, ಅವರು ಹಾಕುತ್ತಿದ್ದರು.

ದುರ್ಗವ್ವನ ಸರದಿ ಬಂದಾಗ ಸಂಜೆ ಆಗಿತ್ತು. ಅದು ಆ ದಿನದ ಮೂವತ್ತೊಂದನೆಯ ಕಾಗದ. ತಲೆಗೆ ಏನೂ ಹೊಳೆಯಲಿಲ್ಲ. ಗೋಡೆಯ ಮೇಲೆ ಕಣ್ಣಿನ ಆಸ್ಪತ್ರೆಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. ಅದನ್ನು ನೋಡಿ, ನನಗೆ ಕಣ್ಣು ಮಂಜಾಗಿರುವುದರಿಂದ ಹೊಲಿಗೆ ಕೆಲಸ ಮಾಡಲು ಸಾಧ್ಯವಾಗುತ್ತಿಲ್ಲ ಅಂತ ಬರೆದೆ. ಎರಡು ಟೇಬಲ್ ಆಚೆ ಬಿಟ್ಟುಹೋದ ಹೊಲಿಗೆಯನ್ನು ಕೂತಲ್ಲಿಂದಲೇ ಹಿಡಿಯುತ್ತಿದ್ದ ಹೆಂಗಸು ಅವಳು. ಕಾಲರ್ ಕೂರಿಸುವುದರಲ್ಲಿ ಆ ಫ್ಲೋರಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಆ ಮೂರು ದಿನದಲ್ಲಿ ಎಚ್.ಆರ್. ಬದಲಾಯಿತು. ಹೊಸದಾಗಿ ಬಂದ ಸಿದ್ಧಾರ್ಥ್ ಸಾಹೇಬರಿಗೆ ಕನ್ನಡ ಓದಲು ಬಾರದು. ನಮ್ಮ ಕಂಪನಿಯ ಈ ಆಟವೂ ಗೊತ್ತಿಲ್ಲ. ವಾಪಸ್ ಬರುವವರ ಕಾಗದ ಓದಿ ಕಾರಣ ಹೇಳುತ್ತಾ ಹೋಗು, ತುಂಬುತ್ತೇನೆ ಅಂದರು. ನಾನು ಅಂಗಡಿಯ ಚೀಟಿ ಓದಿದ ಹಾಗೆ ಓದುತ್ತಾ ಹೋದೆ. ಅತ್ತೆಗೆ ಕಾಯಿಲೆ. ಮಗಳ ಮದುವೆ. ಕಣ್ಣು ಮಂಜು. ಸಾಹೇಬರ ಕೈ ನಿಂತಿತು. ಕಣ್ಣು ಕಾಣದವರನ್ನು ಮಿಷಿನ್ ಮೇಲೆ ಕೂರಿಸಿ ನಾಳೆ ಬೆರಳಿಗೆ ಸೂಜಿ ಹೊಕ್ಕರೆ ಯಾರು ಹೊಣೆ ಅಂದರು. ಆಗಲೇ ಅವರು ಭಾನುಪ್ರಕಾಶನನ್ನು ಕರೆಸಿದ್ದು.

ಅವನಿಗೆ ಎಲ್ಲವೂ ಗೊತ್ತಿತ್ತು. ಆದರೆ ಎರಡು ತಿಂಗಳ ಹಿಂದೆ, ಮುಟ್ಟಾದ ಹುಡುಗಿಯೊಬ್ಬಳನ್ನು ಇವನು ಬಾತ್‌ರೂಮಿಗೆ ಬಿಡಲಿಲ್ಲ ಅಂತ ದುರ್ಗವ್ವ ಮಿಷಿನ್ ಆಫ್ ಮಾಡಿ ಎದ್ದು ನಿಂತಿದ್ದಳು. ಅವಳ ಹಿಂದೆ ಇಡೀ ಲೈನು ಎದ್ದಿತ್ತು.

ಬೋರ್ಡಿನ ಪರೀಕ್ಷೆ ಮುಗಿದ ಮೇಲೆ ಅವನು ಕಾಗದವನ್ನು ಅವಳ ಮೂಗಿನ ಹತ್ತಿರ ಹಿಡಿದ.

"ಸಹಿ ನಿಂದೇ ತಾನೆ?"

"ನಂದೇ. ಆದ್ರೆ ಇಂಗಂತ ನಾ ಏಳಿಲ್ಲ ಸಾರ್."

"ಹಂಗಾರೆ ಯಾರು, ನಿನ್ನ ಮಿಂಡ ಹೇಳಿದ್ನಾ?"

ಅವಳು ನನ್ನ ಕಡೆ ನೋಡಿದಳು. ನಾನು ಬರೆದಿದ್ದು ಅನ್ನುವ ಎರಡು ಮಾತು ಸಾಕಿತ್ತು. ಅದಾದ ಮೇಲೆ ಈ ಕುರ್ಚಿ ಇರುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುತ್ತಾ ನಾನು ಮುಂದಿನ ಕಾಗದ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ಅವಳಿಂದ ಹೂವನ್ನೂ ವಾಪಸ್ ಇಸಿದುಕೊಂಡರು. ಹಿಂದೆ ನಿಂತವಳಿಗೆ ಒಂದು ಕಡಿಮೆ ಬಿದ್ದಿತ್ತು.

ಆ ಭಾನುವಾರ ಹೆಬ್ಬಗೋಡಿಯಲ್ಲಿ ಅವಳಿದ್ದ ವಠಾರಕ್ಕೆ ಹೋದೆ. ಬರಿಗೈಲಿ ಹೋಗಲು ನಾಚಿಕೆಯಾಗಿ ಒಂದು ಕೇಜಿ ಸೇಬು ಕೊಂಡೆ. ಅದನ್ನು ಹಿಡಿದು ಬಾಗಿಲಲ್ಲಿ ನಿಂತಾಗ ಇನ್ನೂ ನಾಚಿಕೆಯಾಯಿತು. ಅವಳು ನಲ್ಲಿ ಹತ್ತಿರ ಬಿಂದಿಗೆ ತೊಳೆಯುತ್ತಿದ್ದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಬೇರೆ ಎರಡು ಗಾರ್ಮೆಂಟ್ಸಿಗೆ ಹೋಗಿ ಬಂದಳಂತೆ. ಕಾಲರ್ ಹೊಲಿಸಿ ನೋಡಿ ಮೆಚ್ಚಿದರಂತೆ, ಆಮೇಲೆ ಹಳೇ ಕಂಪನಿಗೆ ಫೋನ್ ಮಾಡಿ ಕೇಳಿ, ಬೇಡಮ್ಮ ಅಂದರಂತೆ. ಈಗ ಛತ್ರವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಅದ್ರಾಗೆ ಏನೇನು ಬರ್ದಿದ್ದೆ, ಪೂರಾ ಏಳವ್ವ," ಅಂದಳು.

ನನಗೆ ಬಾಯಿಪಾಠವಿತ್ತು. ಹೇಳಿದೆ. ಕಣ್ಣಿನದ್ದು ಹೇಳುವಾಗ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟಳು. ಎಲ್ಲ ಕಾಗದದ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು, ಅದನ್ನು ನಾನು ಯೋಚಿಸದೆಯೇ ಬರೆಯುತ್ತಿದ್ದೆ. ಸಂಸ್ಥೆಯಿಂದ ನನಗೆ ಬರಬೇಕಾದದ್ದು ಏನೂ ಬಾಕಿ ಇರುವುದಿಲ್ಲ.

"ಇನ್ನೊಂದು ಕಿತ ಏಳು ಅದ್ನ."

ಹೇಳಿದೆ.

"ಅದ್ನೂ ನಾನೇ ಏಳಿದ್ನಾ?"

ಬಿಂದಿಗೆ ತುಂಬಿ ನೀರು ಚೆಲ್ಲುತ್ತಿತ್ತು, ಅವಳು ನಲ್ಲಿ ನಿಲ್ಲಿಸಲಿಲ್ಲ. "ಬರ್ದಿದ್ದಕ್ಕೆ ಸಿಟ್ಟಿಲ್ಲ ನಂಗೆ. ನಿನ್ ಕೆಲ್ಸ ಅದು. ಅವ್ನು ಅಂಗೆ ಅನ್ನೋವಾಗ ತಲೆ ಬಗ್ಗಿಸ್ದೆ ನೋಡು. ನಿನ್ ಕಣ್ಣಿಗೇನಾಗಿತ್ತೇ?"

ಸೇಬು ತೆಗೆದುಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಹೋದಾಗ ಬಾಗಿಲಿಗೆ ಬೇರೆ ಯಾರದೋ ಬೀಗ ಇತ್ತು. ಬಾಡಿಗೆ ಕಟ್ಟಲಾಗದೆ ಖಾಲಿ ಮಾಡಿದಳು, ಎಲ್ಲಿಗೆ ಅಂತ ಹೇಳಲಿಲ್ಲ ಅಂದರು.

ತಿಂಗಳ ಕೊನೆ ಬಂತು. ಇಪ್ಪತ್ತಾರು ಹೆಸರಿನ ಪಟ್ಟಿ ಬಂತು. ಮೊದಲು ಬಂದು ಕೂತವಳು ಕೃಷ್ಣಮ್ಮ, ಮೂರನೆಯ ಸಲಕ್ಕೆ. ಎಲ್ಲಿ ಸಹಿ ಅಂತ ಪೆನ್ನು ಹಿಡಿದುಕೊಂಡೇ ಬಂದಿದ್ದಳು. ನಾನು ಇನ್ನೂ ಏನೂ ಬರೆದಿರಲಿಲ್ಲ.

"ಕಾರಣ ಏನು ಬರೀಲಿ ಅಕ್ಕ?"

ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದೆ. ಅವಳು ನನ್ನ ಮುಖ ನೋಡಿದಳು, ಹುಷಾರಾಗಿದ್ದೀಯ ತಾನೆ ಅನ್ನುವ ಹಾಗೆ.

"ನಂಗೇನ್ ಗೊತ್ತು ಕಾರ್ಣ? ಕಳಿಸ್ತಿರೋರು ಅವ್ರು. ಅವ್ರನ್ನೇ ಕೇಳು."

ಅದನ್ನೇ ಬರೆದೆ. ಕಾರಣ ನನಗೆ ಗೊತ್ತಿಲ್ಲ, ಕಳಿಸುತ್ತಿರುವವರು ನೀವು, ನಿಮ್ಮನ್ನೇ ಕೇಳಬೇಕು. ಓದಿ ಹೇಳಿದೆ. ಇದರಿಂದ ನಾಲ್ಕನೆಯ ದಿನ ಒಳಗೆ ಬಿಡದೆಯೂ ಇರಬಹುದು ಅಂತಲೂ ಹೇಳಿದೆ. ಅವಳು ತುಂಬಾ ಹೊತ್ತು ಪೆನ್ನನ್ನು ಹಾಳೆಯ ಮೇಲೆ ಹಿಡಿದುಕೊಂಡಿದ್ದಳು. ಆಮೇಲೆ, ದುರ್ಗಿ ಸುಮ್ನೆ ಹೋದ್ಲಲ್ಲೇ ಅಂತ ಗೊಣಗಿ ಸಹಿ ಹಾಕಿದಳು.

ಎಲ್ಲರೂ ಹಾಗೆ ಮಾಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂಬತ್ತು ಜನ, ನಮಗೆ ಗಲಾಟೆ ಬೇಡ, ಅತ್ತೆಗೆ ಕಾಯಿಲೆ ಅಂತಲೇ ಬರಿ ಅಂದರು. ಹಾಗೇ ಬರೆದೆ, ಅದನ್ನೂ ಓದಿ ಹೇಳಿದೆ. ಬಾಕಿ ಏನೂ ಇಲ್ಲ ಅನ್ನುವ ಸಾಲನ್ನು ಮಾತ್ರ ಯಾರದ್ದರಲ್ಲೂ ಹಾಕಲಿಲ್ಲ.

ಕೊನೆಗೆ ನನ್ನ ಹೆಸರಲ್ಲಿ ಒಂದು ಕಾಗದ ಬರೆದು ಎಲ್ಲದರ ಮೇಲಿಟ್ಟೆ.

ಸಿದ್ಧಾರ್ಥ್ ಸಾಹೇಬರು ಕಂಪ್ಯೂಟರ್ ಮುಂದೆ ಕೂತು, ಹೂಂ, ರೀಸನ್ ಹೇಳು ಅಂದರು. ಭಾನುಪ್ರಕಾಶ್ ಬಾಗಿಲಿಗೆ ಒರಗಿ ಮೊಬೈಲ್ ಒತ್ತುತ್ತಿದ್ದ. ಇಪ್ಪತ್ತಾರು ಹೆಂಗಸರು ಗೋಡೆಗೆ ಆನಿಕೊಂಡು ನಿಂತಿದ್ದರು. ನಾನು ಕುರ್ಚಿಯಿಂದ ಎದ್ದೆ. ಓದಿದೆ. ದುರ್ಗವ್ವನ ಕಣ್ಣು ಚೆನ್ನಾಗಿದೆ, ಮಂಜು ಅಂತ ಸುಳ್ಳು ಬರೆದವಳು ವೇಣಿಯಾದ ನಾನು, ಬರೆಸಿದವರು ಈ ಕಂಪನಿಯವರು.

ಕನ್ನಡದಲ್ಲಿ ಒಂದು ಸಲ, ನನಗೆ ಬರುವ ಇಂಗ್ಲಿಷಿನಲ್ಲಿ ಒಂದು ಸಲ.

ಭಾನುಪ್ರಕಾಶ್ ಮೊಬೈಲ್ ಜೇಬಿಗೆ ಹಾಕಿಕೊಂಡ. "ಏಯ್, ತಲೆ ಕೆಟ್ಟೈತೇನೇ ನಿಂಗೆ? ಬೋಸುಡಿ, ಕೊಡು ಇಲ್ಲಿ ಅದನ್ನ."

ಕೃಷ್ಣಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಅವನಿಗೂ ನನಗೂ ನಡುವೆ ನಿಂತಳು.

ಸಿದ್ಧಾರ್ಥ್ ಸಾಹೇಬರು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ಈ ದುರ್ಗವ್ವ ಜಾಯ್ನ್ ಆದವಳಾ, ಲೆಫ್ಟಾ ಅಂತ ನನ್ನನ್ನು ಕೇಳಿದರು.

"ತೆಗೆದು ಹಾಕಿದ್ದು ಸಾರ್. ಹಂಗಂತ ಹಾಕಿ."

ಹಾಗೆ ಹಾಕಲು ಇದರಲ್ಲಿ ಜಾಗವಿಲ್ಲ ಅಂದರು.

ನಾನು ಕೃಷ್ಣಮ್ಮನ ಕಾಗದ ಬಿಡಿಸಿಕೊಂಡು ಓದಲು ಶುರು ಮಾಡಿದೆ.