ಆರು ಪಿಸ್ಟನ್, ಎರಡು ಅಳತೆ

ಗ್ಯಾರೇಜಿನ ಉದ್ದ ಮೇಜಿನ ಮೇಲೆ ಎರಡು ಪೆಟ್ಟಿಗೆಗಳು ಬಂದು ಕೂತು ಬಹಳ ದಿನಗಳಾಗಿದ್ದವು. ಎಡಗಡೆಯದರಲ್ಲಿ ಅಚ್ಚಿಗೆ ಹೊಯ್ದು ಮಾಡಿದ ಸಾದಾ ಪಿಸ್ಟನ್‌ಗಳು. ಬಲಗಡೆಯದರಲ್ಲಿ ಭಾರೀ ಒತ್ತಡದಲ್ಲಿ ಅದುಮಿ ಮಾಡಿದ ಫೋರ್ಜ್ಡ್ ಪಿಸ್ಟನ್‌ಗಳು. ಎರಡರಲ್ಲೂ ಆರಾರು, ಪ್ರತಿಯೊಂದರ ಪಕ್ಕದಲ್ಲಿ ಅದು ಒಳಗೆ ಮೇಲೆ ಕೆಳಗೆ ಓಡಾಡುವ ಅದರದೇ ಸಿಲಿಂಡರ್. ಅಕ್ಕ ತಮ್ಮ ಇಬ್ಬರ ಆ ಗ್ಯಾರೇಜಿನಲ್ಲಿ ಇಂಜಿನ್ನಿನ ಕೆಲಸ ತಮ್ಮನದು. ಅವನು ಒಂದು ಪೆಟ್ಟಿಗೆ ತೆರೆಯುವನು, ನೋಡುವನು, ಮುಚ್ಚುವನು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ತೆರೆಯುವನು.

“ನಿನ್ನಂಥ ಗಿರಾಕಿ ಒಬ್ಬ ಬಂದ್ರೆ ಸಾಕು ಮಹಾರಾಯ, ನನ್ನಂಗಡಿ ಆವತ್ತಿಗೆ ಬಾಗಿಲು ಹಾಕ್ದಂಗೇ,” ಎಂದರು ಬೂಟು ಭಾವ.

ಬೂಟು ಭಾವ ಎಂದರೆ ಅವನ ಅಕ್ಕನ ಗಂಡ. ಅದೇ ಬೀದಿಯ ತುದಿಯಲ್ಲಿ ಅವರದು ಚಪ್ಪಲಿ, ಬೂಟುಗಳ ಅಂಗಡಿ. ಅಂಗಡಿ ತೆರೆಯುವ ಮುಂಚೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಮುಚ್ಚಿದ ಮೇಲೆ ಒಂದಿಷ್ಟು ಹೊತ್ತು, ಗ್ಯಾರೇಜಿನ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಬಂದು ಕೂರುವುದು ಅವರ ರೂಢಿ. ಇಂಜಿನ್ನಿನ ವಿಷಯದಲ್ಲಿ ಎಣ್ಣೆ ಎಲ್ಲಿ ಹೊಯ್ಯಬೇಕೆಂಬುದೂ ಅವರಿಗೆ ನೆಟ್ಟಗೆ ತಿಳಿಯದು. ಆದರೆ ಕೆಲಸ ಬಲ್ಲವನ ಕೈಯನ್ನು ನೋಡುತ್ತಿದ್ದರೆ ಅವರಿಗೆ ಹಸಿವು ಬಾಯಾರಿಕೆ ನೆನಪಾಗುವುದಿಲ್ಲ. ಅವನು ಸ್ಪ್ಯಾನರನ್ನು ಮೇಜಿನ ಮೇಲಿಟ್ಟರೆ ಸದ್ದಾಗುವುದಿಲ್ಲ. ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಅದು ಒಪ್ಪಿ ಒಳಗೆ ಹೋದ ಮೇಲೆಯೇ ಸ್ಪ್ಯಾನರ್ ಮುಟ್ಟುತ್ತಾನೆ. ಮಗುವಿಗೆ ಅಂಗಿ ತೊಡಿಸುವವರೂ ಅಷ್ಟು ನಾಜೂಕಾಗಿ ತೋಳು ತೂರಿಸುವುದಿಲ್ಲ ಎಂದು ಭಾವನಿಗೆ ಅನ್ನಿಸುತ್ತಿತ್ತು. ಆ ಸ್ಟೂಲಿನ ಮೇಲೆ ಒಂದು ದಿನ ದಿಂಬು ಬಂದು ಕೂತಿತ್ತು. ಯಾರು ಇಟ್ಟರೆಂದು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ.

ಇಂಥ ಕೈ ಈಗ ಎರಡು ಪೆಟ್ಟಿಗೆಗಳ ನಡುವೆ ನಿಂತುಬಿಟ್ಟಿತ್ತು.

ಕಾರು ಅಕ್ಕನದು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿದಂತಿರುವ ಹಳೆಯ ಸ್ಪೋರ್ಟ್ಸ್ ಕಾರು. ಇಂಜಿನ್ ಹಿಂಬದಿಯಲ್ಲಿ, ನೀರಿಲ್ಲದೆ ಗಾಳಿಯಲ್ಲೇ ತಣಿಯುವಂಥದು. ತಲೆ ನರೆತ ಮೇಲೂ ಅಕ್ಕ ಪ್ರತಿ ವರ್ಷ ಬೆಟ್ಟದ ರಸ್ತೆಯ ರೇಸಿನಲ್ಲಿ ಅದನ್ನು ಓಡಿಸುತ್ತಿದ್ದಳು. ಹೋದ ವರ್ಷ ತಮ್ಮ ಅದಕ್ಕೆ ಮೊದಲ ಸಲ ಫೋರ್ಜ್ಡ್ ಪಿಸ್ಟನ್ ಹಾಕಿದ್ದ. ಆ ಪಿಸ್ಟನ್ ಗಟ್ಟಿ, ಎಂಥ ಹೊಡೆತಕ್ಕೂ ಜಗ್ಗುವುದಿಲ್ಲ. ಆದರೆ ಕಾದಾಗ ಸಾದಾ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗುತ್ತದೆ, ಅದಕ್ಕೇ ಸಿಲಿಂಡರಿನ ಗೋಡೆಗೂ ಅದಕ್ಕೂ ನಡುವೆ ಸಂದು ಹೆಚ್ಚು ಬಿಡಬೇಕು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಆ ಗ್ಯಾರೇಜಿನಲ್ಲಿ ಪಾಯಿಂಟ್ ಎನ್ನುತ್ತಿದ್ದರು. ಸಾದಾ ಪಿಸ್ಟನ್‌ಗೆ ನಾಲ್ಕು ಪಾಯಿಂಟ್ ಸಂದು ಸಾಕು, ಇದಕ್ಕೆ ಎಂಟು ಬೇಕು. ಜೀವಮಾನವೆಲ್ಲ ನಾಲ್ಕು ಬಿಟ್ಟು ಬಿಟ್ಟು ಪಳಗಿದ ಕೈ, ತಿಳಿದಿದ್ದೂ ನಾಲ್ಕನ್ನೇ ಬಿಟ್ಟಿತು.

ಅಕ್ಕ ತಮ್ಮಂದಿರ ತಂದೆಯ ಕಾಲದಿಂದ ಅಲ್ಲಿ ಒಂದು ಕಟ್ಟುಪಾಡು ಇತ್ತು. ಒಬ್ಬರ ಅಳತೆ ಅಳತೆಯಲ್ಲ. ಇಬ್ಬರು ಬೇರೆ ಬೇರೆ ಅಳೆದು, ಮನಸ್ಸಿನಲ್ಲೇ ಇಟ್ಟುಕೊಂಡು, ಒಂದು ಎರಡು ಮೂರು ಎಂದು ಎಣಿಸಿ ಒಟ್ಟಿಗೆ ಬಾಯಿ ಬಿಡಬೇಕು. ಚಿಕ್ಕಂದಿನಿಂದ ಅಕ್ಕ ತಮ್ಮ ಇಬ್ಬರದೂ ಅದೇ ಆಟ. ಹೋದ ವರ್ಷ ಮಾತ್ರ ಅಕ್ಕ ಜ್ವರ ಬಂದು ಮಲಗಿದ್ದಳೆಂದು ತಮ್ಮ ಒಬ್ಬನೇ ಅಳೆದ. ಜೊತೆಗೆ ಯಾರಾದರೂ ಇದ್ದಿದ್ದರೆ “ಇಷ್ಟೇನಾ?” ಎಂದಾದರೂ ಕೇಳುತ್ತಿದ್ದರು. ಬೆಟ್ಟದ ಮೂರನೆಯ ತಿರುವಿನಲ್ಲಿ ಒಂದು ಪಿಸ್ಟನ್ ಹಿಗ್ಗಿ ಕಚ್ಚಿಕೊಂಡಿತು. ಹಿಂದಿನ ಚಕ್ರಗಳು ನಿಂತವು, ಕಾರು ಬುಗುರಿಯಂತೆ ಸುತ್ತಿ ಹುಲ್ಲಿನ ಮೂಟೆಗಳಿಗೆ ಬಡಿಯಿತು. ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ತಮ್ಮ ಮುಖ ಎತ್ತಲಾರದೆ ನಿಂತಿದ್ದಾಗ ಅಕ್ಕ ಹೇಳಿದ್ದು ಭಾವನಿಗೆ ಈಗಲೂ ಕಿವಿಯಲ್ಲಿದೆ. “ಎಷ್ಟು ಚೆನ್ನಾಗಿ ಸುತ್ತಿತು ಗೊತ್ತೇನೋ? ಟಿಕೆಟ್ ಇಟ್ಟಿದ್ರೆ ಜನ ದುಡ್ಡು ಕೊಟ್ಟು ನೋಡೋರು.”

ಕೈ ಕೂಡಿಕೊಂಡಿತು, ಸ್ಟೀರಿಂಗ್ ಹಿಡಿಯಲು ಅಡ್ಡಿಯಿಲ್ಲ ಎಂದು ಡಾಕ್ಟರೂ ಹೇಳಿದರು. ಆದರೆ ಬೆರಳ ತುದಿಯ ಸೂಕ್ಷ್ಮ ಹೋಗಿತ್ತು, ಅಳತೆಗೆ ಆ ಕೈ ಒದಗದು. ಈ ವರ್ಷದ ರೇಸು ಹತ್ತಿರ ಬರುತ್ತಿತ್ತು. ಸಾದಾ ಪಿಸ್ಟನ್ನನ್ನೇ ಹಾಕುತ್ತೇನೆ ಎನ್ನುತ್ತಿದ್ದ ತಮ್ಮ.

“ಹಾಕು,” ಎಂದಳು ಅಕ್ಕ. “ನೀನು ಕೊಟ್ಟಿದ್ದನ್ನ ಓಡಿಸ್ತೀನಿ. ಅದೇ ಒಳ್ಳೇದು ಅನ್ನಿಸಿದ್ರೆ ಹಾಕು. ಹೆದರ್ಕೊಂಡು ಹಾಕ್ಬೇಡ.”

“ಹೆದರಿಕೆ ಅಲ್ಲಕ್ಕ. ಹುಷಾರು.”

“ಎರಡೂ ಒಂದೇ ಬಣ್ಣದ ಅಂಗಿ ಹಾಕ್ಕೊಂಡು ಬರ್ತವೆ ಕಣೋ.”

ಎಡಗಡೆಯ ಪೆಟ್ಟಿಗೆಯನ್ನು ಈಗ ಹೆದರಿ ಆರಿಸಿದರೆ ತಮ್ಮ ಬಲಗಡೆಯದನ್ನು ಇನ್ನು ಯಾರಿಗಾಗಿಯೂ ತೆರೆಯುವುದಿಲ್ಲ ಎಂಬುದು ಭಾವನಿಗೆ ಚೆನ್ನಾಗಿ ಅರ್ಥವಾಗಿತ್ತು. ದೂರ ದೂರದಿಂದ ಜನ ಹುಡುಕಿಕೊಂಡು ಬರುತ್ತಿದ್ದ ಕೈ ಅದು. ರೇಸು ಹೋದರೆ ಮುಂದಿನ ವರ್ಷ ಬರುತ್ತದೆ. ಆ ಕೈ ಹೋದರೆ?

ಅಕ್ಕ ಚಹಾದ ತಟ್ಟೆ ಎತ್ತಿಕೊಂಡು ಒಳಗಿನಿಂದ ಬರುವುದನ್ನು ಕಂಡು ತಮ್ಮ ಎದ್ದು ಬಾಗಿಲ ಬಳಿಗೇ ಹೋಗಿ ತಟ್ಟೆ ತೆಗೆದುಕೊಂಡ. ಅವಳ ಮಣಿಕಟ್ಟಿನ ಕಡೆ ಕಣ್ಣು ಹಾಯಿಸಲಿಲ್ಲ, ಬಿಸ್ಕತ್ತು ಯಾವುದೆಂದು ನೋಡುವವನಂತೆ ತಟ್ಟೆಯನ್ನೇ ನೋಡಿದ.

“ನಮ್ಮ ವ್ಯಾಪಾರದಲ್ಲೂ ಇದೇ ಕಥೆ,” ಎಂದರು ಭಾವ ಲೋಟ ಕೈಗೆತ್ತಿಕೊಂಡು. “ಬೆಳಗ್ಗೆ ಬಂದು ಬೂಟು ಸರಿ ಆಯ್ತು ಅಂತ ಒಯ್ತಾರೆ. ಸಂಜೆ ಪಾದ ಊದುತ್ತೆ, ಬಂದು ನನಗೆ ಬೈತಾರೆ. ಸಂಜೆ ಬನ್ನಿ, ಒಂದು ಬೆರಳು ಜಾಗ ಬಿಟ್ಟು ಕೊಡ್ತೀನಿ ಅಂತ ಬಡ್ಕೊಂಡ್ರೂ ಕೇಳಲ್ಲ.”

ತಮ್ಮ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. “ಜಾಗ ಬಿಡ್ಬೇಕು ಅನ್ನೋದು ನನಗೆ ಗೊತ್ತಿಲ್ವಾ ಭಾವ? ಗೊತ್ತಿದ್ದೂ ಕೈ ತಪ್ಪಿತಲ್ಲ. ಈಗ ಅಳೆಯೋ ಗೇಜ್ ನೋಡಿದ್ರೆ ಗೇಜ್ ಮೇಲೆ ಅನುಮಾನ, ಕಣ್ಣಿನ ಮೇಲೆ ಅನುಮಾನ. ಒಂದನ್ನ ಹತ್ತು ಸಲ ಅಳೀತೀನಿ.”

ಅಕ್ಕ ಖಾಲಿ ಲೋಟಗಳನ್ನು ಎತ್ತುತ್ತಾ ಸಾಮಾನು ತರಲು ಹೇಳುವಷ್ಟೇ ಸಲೀಸಾಗಿ ಹೇಳಿದಳು. “ಒಬ್ಬನೇ ಅಳೆದ್ರೆ ಹಾಗೇ ಆಗೋದು. ರೀ, ನಾಳೆಯಿಂದ ನೀವು ಎರಡನೇ ಅಳತೆ.”

“ನಾನಾ? ನನಗೆ ಏಳು ನಂಬರ್, ಎಂಟು ನಂಬರ್ ಬಿಟ್ರೆ ಏನು ಗೊತ್ತೇ?”

“ಜನರ ಪಾದ ಅಳೀತೀರಲ್ಲ, ಅದಕ್ಕಿಂತ ಇದು ವಾಸಿ. ಇದು ಕಚಗುಳಿ ಅಂತ ಒದೆಯಲ್ಲ.”

ಮರುದಿನ ಬೆಳಿಗ್ಗೆ ಥಂಡಿಯಿತ್ತು. ತಮ್ಮ ಭಾವನಿಗೆ ಮೈಕ್ರೋಮೀಟರ್ ಎಂಬ ಅಳತೆಯ ಗೇಜನ್ನು ಹಿಡಿಯುವುದನ್ನು ಕಲಿಸಿದ. ಎಲ್ಲಿ ಹಿಡಿಯಬೇಕು, ತಿರುಪನ್ನು ಎಷ್ಟು ಮೃದುವಾಗಿ ತಿರುಗಿಸಬೇಕು, ಗೀಟುಗಳನ್ನು ಹೇಗೆ ಓದಬೇಕು. ಕಲಿಯುವುದು ತಡವಾದರೂ ಅವನ ದನಿ ಏರಲಿಲ್ಲ. ಭಾವ ಗೀಟನ್ನು ತಪ್ಪಾಗಿ ಓದಿದಾಗ “ನಾನೂ ಮೊದಲು ಹಾಗೇ ಓದ್ತಿದ್ದೆ” ಎನ್ನುತ್ತಿದ್ದ. ಅದು ಸುಳ್ಳೆಂದು ಭಾವನಿಗೆ ಗೊತ್ತಿತ್ತು, ಹಿತವಾಗಿಯೂ ಇತ್ತು.

ಸುಮ್ಮನೆ ಅಭ್ಯಾಸಕ್ಕೆ ಎಂದು ಬಲಗಡೆಯ ಪೆಟ್ಟಿಗೆಯನ್ನೇ ಬಿಚ್ಚಿದರು. ಮೊದಲು ತಮ್ಮ ಅಳೆಯುವುದು, ಆಮೇಲೆ ಭಾವ. ಒಂದು, ಎರಡು, ಮೂರು! ಇಬ್ಬರ ಬಾಯಲ್ಲೂ ಒಂದೇ ಅಂಕಿ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಭಾವನಿಗೆ ಎದೆಯುಬ್ಬಿತು. ನಾಲ್ಕನೆಯದನ್ನು ತಮ್ಮ ಅಳೆದು ಕೊಟ್ಟ ಹೊತ್ತಿಗೆ ಫೋನು ಬಂತೆಂದು ಅತ್ತ ಹೋದ. ಭಾವ ಪಿಸ್ಟನ್ನನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಿರುಗಿಸುತ್ತಾ ಕೂತರು. ಬೆಳ್ಳಿಯಂಥ ಮೈ. ನೆತ್ತಿಯಲ್ಲಿ ವಾಲ್ವುಗಳಿಗೆಂದು ತೋಡಿದ ಎರಡು ನುಣುಪಾದ ಗುಳಿ. ಒಂದು ಬಟ್ಟಲಿನಷ್ಟೇ ಗಾತ್ರದ ಈ ವಸ್ತು ತನ್ನ ಹೆಂಡತಿಯನ್ನು ಬೆಟ್ಟದ ಮೇಲಕ್ಕೆ ಒಯ್ಯುತ್ತದಲ್ಲ ಎಂದು ಅವರಿಗೆ ಬೆರಗು.

ತಮ್ಮ ಬಂದ. ಭಾವ ಅಳೆದರು. ಒಂದು, ಎರಡು, ಮೂರು.

ಅಂಕಿಗಳು ಕೂಡಲಿಲ್ಲ. ಭಾವನದು ಎರಡು ಪಾಯಿಂಟ್ ಹೆಚ್ಚು.

“ಇನ್ನೊಂದ್ಸಲ ನೋಡಿ,” ಎಂದ ತಮ್ಮ. ಭಾವ ಮತ್ತೆ ನೋಡಿದರು. ಅಷ್ಟೇ. ತಮ್ಮ ತಾನೇ ಮೈಕ್ರೋಮೀಟರ್ ತೆಗೆದುಕೊಂಡು ಅಳೆದ. ಅವನಿಗೂ ಎರಡು ಹೆಚ್ಚು. ಈಗ ತಾನೇ ತಾನು ಓದಿದ ಅಂಕಿ ಸುಳ್ಳಾಗಿತ್ತು. ಅವನು ಎಡಗಡೆಯ ಪೆಟ್ಟಿಗೆಯ ಕಡೆ ತಿರುಗಿದ್ದನ್ನು ಭಾವ ಕಂಡರು. ಒಳಬಾಗಿಲಲ್ಲಿ ನಿಂತಿದ್ದ ಅಕ್ಕನೂ ಕಂಡಳು. ಅವಳು ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಸುಮ್ಮನಿರಲು ಎಷ್ಟು ಶಕ್ತಿ ಬೇಕೆಂದು ಭಾವನಿಗೆ ತಿಳಿಯಿತು, ಏಕೆಂದರೆ ಅವರಿಗೆ ಅದು ಇರಲಿಲ್ಲ.

“ಬಿಡು ಮಾರಾಯ, ನನ್ನ ಕಣ್ಣೇ...”

“ತಡೀರಿ ಭಾವ.”

ತಮ್ಮ ಪೆಟ್ಟಿಗೆಗೆ ಬೆನ್ನು ತಿರುಗಿಸಿದ್ದ. ಅವನ ಹಣೆಯಲ್ಲಿ ಗೆರೆ ಮೂಡಿತ್ತು, ಹೆದರಿಕೆಯದಲ್ಲ, ತಂಟೆ ಮಾಡಿದವರನ್ನು ಹುಡುಕುವವನ ಗೆರೆ. “ಇದು ಇಷ್ಟು ಬರೋ ಹಾಗೇ ಇಲ್ಲ. ನಾನು ನೋಡಿದ್ದು ಸರಿ ಇತ್ತು.” ಪಿಸ್ಟನ್ನಿನ ಮೈಗೆ ಬೆರಳುಗಳ ಹಿಂಬದಿಯನ್ನು ತಾಗಿಸಿದ, ಜ್ವರ ನೋಡುವವರಂತೆ. ಪಕ್ಕದ ಐದನೆಯದನ್ನು ಮುಟ್ಟಿದ. ಮತ್ತೆ ಇದನ್ನು ಮುಟ್ಟಿದ.

“ಭಾವ, ಇದನ್ನ ಎಷ್ಟು ಹೊತ್ತು ತೊಡೆ ಮೇಲೆ ಇಟ್ಕೊಂಡಿದ್ರಿ?”

“ನೀನು ಫೋನಲ್ಲಿ ಮಾತಾಡಿ ಬರೋ ತನಕ. ಏನೋ... ನೋಡ್ತಾ ಇದ್ದೆ. ಚೆನ್ನಾಗಿತ್ತು.”

“ಕೈಯಲ್ಲಿ ಹಿಡ್ಕೊಂಡಾ?”

“ಮತ್ತೆ ಕಾಲಲ್ಲಿ ಹಿಡ್ಕೊಳ್ಲಾ?”

ತಮ್ಮ ನಗಲು ಶುರುಮಾಡಿದ. ಒಂದು ವರ್ಷದಿಂದ ಆ ಗ್ಯಾರೇಜು ಅಂಥ ನಗು ಕೇಳಿರಲಿಲ್ಲ. “ಅಕ್ಕಾ, ನಿನ್ನ ಗಂಡ ಪಿಸ್ಟನ್‌ಗೆ ಕಾವು ಕೊಟ್ಟಿದ್ದಾರೆ! ಇನ್ನೊಂದು ಗಳಿಗೆ ಬಿಟ್ಟಿದ್ರೆ ಮರಿ ಆಗ್ತಿತ್ತು!”

“ಅವರು ಹಾಗೇ ಕಣೋ,” ಎಂದಳು ಅಕ್ಕ. “ಚೆನ್ನಾಗಿರೋದನ್ನ ಕಂಡ್ರೆ ಬಿಡೋ ಜಾತಿ ಅಲ್ಲ. ನಾನೇ ಸಾಕ್ಷಿ.”

ಭಾವನ ಕಿವಿ ಕೆಂಪಾಯಿತು. ತಮ್ಮ ಪಿಸ್ಟನ್ನನ್ನು ಕಬ್ಬಿಣದ ಹಲಗೆಯ ಮೇಲಿಟ್ಟ. ಲೋಹವೂ ಗೇಜೂ ಒಂದೇ ಥಂಡಿಗೆ ಬರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದ. ಮೂವರೂ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಇನ್ನೊಂದು ಸುತ್ತು ಚಹಾ ಕುಡಿದರು. ಒಳಗೆ ಬಂದು ಅಳೆದಾಗ ನಾಲ್ಕನೆಯದು ತಮ್ಮ ಮೊದಲು ಓದಿದ ಅಂಕಿಗೇ ಬಂದು ನಿಂತಿತ್ತು.

ಅವನು ಮೈಕ್ರೋಮೀಟರನ್ನು ಕೆಳಗಿಟ್ಟ. “ಕೈ ಬಿಸಿಗೇ ಎರಡು ಪಾಯಿಂಟ್,” ಎಂದ ಮೆಲ್ಲಗೆ. “ಬೆಂಕಿಗೆ ಎಷ್ಟು ಬೇಕು ಪಾಪ.” ಆಮೇಲೆ ತನ್ನ ಮೊದಲಿನ ದನಿಯಲ್ಲೇ, “ಎಂಟು ಬಿಡ್ತೀನಕ್ಕ. ಪೂರ್ತಿ ಎಂಟು.”

ಎಡಗಡೆಯ ಪೆಟ್ಟಿಗೆಯ ಮುಚ್ಚಳ ಹಾಕಿ, ಎತ್ತಿ, ಅಟ್ಟದ ಮೇಲೆ ಇಟ್ಟು ಬಂದ. ಅಕ್ಕ ಅತ್ತ ನೋಡಲೇ ಇಲ್ಲ, ಲೋಟ ತೊಳೆಯಲು ಹೋದಳು. ನೋಡಿದ್ದರೆ ಅವನಿಗೆ ಮುಜುಗರವಾಗುತ್ತಿತ್ತೆಂದು ಅವಳಿಗೆ ಗೊತ್ತು.

ಮುಂದಿನ ದಿನಗಳಲ್ಲಿ ಸಿಲಿಂಡರುಗಳನ್ನು ಒಂದೊಂದಾಗಿ ಒಳಗಿನಿಂದ ಉಜ್ಜುವ ಕೆಲಸ ನಡೆಯಿತು. ತಿರುಗುವ ಕಡ್ಡಿಯ ತುದಿಯ ಕಲ್ಲುಗಳು ಎಣ್ಣೆಯಲ್ಲಿ ಮೀಯುತ್ತಾ ಗೋಡೆಯನ್ನು ಕೂದಲೆಳೆಗಿಂತ ತೆಳ್ಳಗೆ ಸವರುತ್ತಿದ್ದವು. ತೆಗೆದ ಲೋಹ ಮತ್ತೆ ಅಂಟುವುದಿಲ್ಲ, ಆದ್ದರಿಂದ ತಮ್ಮ ಎರಡು ಸಲ ಸವರಿ ನಿಲ್ಲಿಸುವನು, ಒರೆಸುವನು, ತಣಿಯಲು ಬಿಡುವನು. ಆಮೇಲೆ ಭಾವನನ್ನು ಕರೆಯುವನು. ಭಾವ ಈಗ ಹತ್ತಿಯ ಕೈಗವಸು ಹಾಕಿಕೊಂಡೇ ಬರುತ್ತಿದ್ದರು. ಒಂದು, ಎರಡು, ಮೂರು ಎನ್ನುವ ಕೂಗು ಬೀದಿಗೆ ಕೇಳಿ, ಬೂಟು ಕೊಳ್ಳಲು ಬಂದವರು ಅಂಗಡಿಯ ಮುಂದೆ ಕಾಯುತ್ತಾ ನಗುತ್ತಿದ್ದರು. ಆರು ಸಿಲಿಂಡರ್ ಮುಗಿದಾಗ ಒಳಗೋಡೆಗಳ ಮೇಲೆ ಓರೆ ಗೆರೆಗಳ ಸಣ್ಣ ಜಾಲ, ಬೆಳಕಿಗೆ ಹಿಡಿದರೆ ರೇಷ್ಮೆಯಂತೆ. ಎಲ್ಲದರಲ್ಲೂ ಎಂಟು.

ಇಂಜಿನ್ ಜೋಡಿಸಿ ಕಾರಿಗೆ ಕೂಡಿಸಿದ ಬೆಳಿಗ್ಗೆ ಅಕ್ಕ ಒಳಗೆ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಎದ್ದಿತು. ಎದ್ದದ್ದೇ ಕಟಕಟಕಟ ಎಂದು ಬಡಿದುಕೊಳ್ಳತೊಡಗಿತು.

ಭಾವ ಕಾರಿನ ಬಳಿಗೆ ಓಡಿದರು. “ನಿಲ್ಸೇ! ಏನೋ ಮುರೀತು!”

ಅಕ್ಕ ಕೀಲಿಯ ಮೇಲೆ ಕೈಯಿಟ್ಟು ತಮ್ಮನ ಮುಖ ನೋಡಿದಳು. ತಮ್ಮ ತಲೆ ವಾರೆ ಮಾಡಿ ಕೇಳುತ್ತಿದ್ದ. “ಏನೂ ಮುರಿದಿಲ್ಲ ಭಾವ. ಜಾಗ ದೊಡ್ಡದಿದೆಯಲ್ಲ, ಥಂಡಿಗೆ ಅಲ್ಲಾಡ್ತಿದೆ. ಮೈ ಬಿಸಿಯಾಗ್ಲಿ.”

ಕಾದರು. ಎಣ್ಣೆ ಕಾಯುವ ವಾಸನೆ ಬಂತು. ಕಟಕಟ ಸ್ವಲ್ಪ ಮೆತ್ತಗಾಯಿತು, ಇನ್ನೂ ಸ್ವಲ್ಪ, ಆಮೇಲೆ ಅದು ಯಾವಾಗ ನಿಂತಿತೆಂದು ಯಾರೂ ಹೇಳಲಾರದಂತೆ ನಿಂತುಹೋಯಿತು. ಆರೂ ಸಿಲಿಂಡರುಗಳ ಒಂದೇ ತುಂಬು ದನಿ ಉಳಿಯಿತು. ನೆಲದಿಂದ ಏರಿ ಅಂಗಾಲಿಗೆ ತಾಕುವಂಥ ದನಿ.

ತಮ್ಮ ಕೈ ಒರೆಸಿಕೊಂಡು ಸುತ್ತು ಹಾಕಿ ಬಂದು, ಪಕ್ಕದ ಬಾಗಿಲು ತೆರೆದು, ಅಕ್ಕನ ಪಕ್ಕದಲ್ಲಿ ಕೂತ.

“ನೀನೂ ಬರ್ತೀಯಾ?” ಎಂದಳು ಅಕ್ಕ.

“ನಾನು ಬಿಗಿದಿದ್ದು. ಮೊದಲು ನಾನು ಕೂರ್ಬೇಕು ತಾನೆ? ನಡಿ. ಮೆಲ್ಲಗೆ, ಊರಾಚೆ ತನಕ ಮೆಲ್ಲಗೆ.”

“ಆಮೇಲೆ?”

“ಆಮೇಲೆ ನಿನ್ನಿಷ್ಟ.”

ಭಾವ ಗ್ಯಾರೇಜಿನ ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದರು. ಕಾರು ಅವರ ಮುಂದೆ ಹಾದು, ಬೀದಿಯ ತಿರುವಿನಲ್ಲಿ ಮರೆಯಾಯಿತು. ಅಂಗಡಿಯ ಮುಂದೆ ಗಿರಾಕಿಯೊಬ್ಬರು ಕಾಯುತ್ತಿದ್ದರು. ಭಾವ ಬೆರಳೆತ್ತಿ, ಒಂದು ನಿಮಿಷ, ಎಂದು ಸನ್ನೆ ಮಾಡಿ ಅಲ್ಲೇ ನಿಂತರು. ದೂರದಲ್ಲಿ, ಮನೆಗಳೆಲ್ಲ ಮುಗಿದ ಮೇಲೆ, ಆ ದನಿ ಒಮ್ಮೆಲೇ ಎತ್ತರಕ್ಕೆ ಏರಿತು. ಭಾವ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.