ಮುನ್ನೂರ ಹದಿನೇಳನೆಯ ಪೆಟ್ಟಿಗೆ

ಮತ್ತೆ ಟಿಂಗ್ ಎಂದಿತು, ಗೋಡೆಯ ಮೇಲಿನ ಕೆಂಪು ಅಂಕಿ ನಲವತ್ತೊಂದರಿಂದ ನಲವತ್ತೆರಡಕ್ಕೆ ಜಿಗಿಯಿತು, ಎದುರಿಗಿದ್ದ ಮುದುಕ ಎದ್ದು ಹೋದ, ಅವನ ಬೂಟಿನಿಂದ ಉದುರಿದ ಹಿಮ ಕರಗಿ ನೆಲದ ಮೇಲೆ ಕಪ್ಪು ನೀರಾಗುತ್ತಿದೆ, ಒಳಗೆ ಬರುವಾಗ ಚಾಪೆಗೆ ಕಾಲು ಒರೆಸಿದ್ದರೆ ಆಗುತ್ತಿತ್ತು, ಒರೆಸುವವರ ಕಷ್ಟ ಯಾರಿಗೆ ಗೊತ್ತು — ನಮ್ಮದು ನಲವತ್ತೊಂಬತ್ತು. ಚೀಟಿ ಸೆಬ್ಲೆಯ ಕೈಯಲ್ಲಿದೆ. ಅವಳು ನನ್ನ ಪಕ್ಕ ಕೋಟಿನ ಗುಂಡಿ ಬಿಚ್ಚದೆ ಕುಳಿತಿದ್ದಾಳೆ, ತೊಡೆಯ ಮೇಲೆ ನೀಲಿ ಫೈಲು, ಅದರೊಳಗೆ ವಿಶ್ವವಿದ್ಯಾಲಯದ ಪ್ರವೇಶ ಪತ್ರ, ವಿಮೆಯ ಕಾಗದ, ಹಾಸ್ಟೆಲಿನ ಒಪ್ಪಂದ, ಪಾಸ್‌ಪೋರ್ಟು, ಎಲ್ಲ ಇದೆ, ಅವಳು ಮಾತ್ರ ಇಲ್ಲ, ಈ ಊರಿನ ದಾಖಲೆಯಲ್ಲಿ ಸೆಬ್ಲೆ ದೆಗೆಫು ಎಂಬವಳು ಇಲ್ಲ. ಸೋಮವಾರ ಇದೇ ನೋಂದಣಿ ಕಚೇರಿಯಲ್ಲಿ ಹಾಗೆಂದು ಹೇಳಿ ಕಳಿಸಿದರಂತೆ. ನಿಮಗೆ ಹಾಕಿದ ಕಾಗದವೆಲ್ಲ ವಾಪಸ್ ಬಂದಿದೆ, ನಮ್ಮವರೇ ಬಂದು ನೋಡಿ ಹೋಗಿದ್ದಾರೆ, ಆ ವಿಳಾಸದಲ್ಲಿ ನೀವಿಲ್ಲ, ಹೆಸರು ತೆಗೆದಾಗಿದೆ. ಶುಕ್ರವಾರಕ್ಕೆ ಅವಳ ವಾಸದ ಪರವಾನಗಿ ಮುಗಿಯುತ್ತದೆ, ವಿಳಾಸವಿಲ್ಲದವರಿಗೆ ಹೊಸದು ಕೊಡುವುದಿಲ್ಲ, ಅದಿಲ್ಲದೆ ಓದು ಇಲ್ಲ, ಇವತ್ತು ಬುಧವಾರ. ನಾನು ಇಲ್ಲೇ ಇದೀನಿ ಅಂತ ಹೇಳೋಕೆ ಯಾರಾದ್ರೂ ಬೇಕಂತೆ ಯೆಟ್ಟೆ, ನನ್ನ ದಿನಾ ನೋಡೋದು ನೀನೊಬ್ಳೇ, ಬರ್ತೀಯಾ ಎಂದು ಸೆಬ್ಲೆ ನನ್ನನ್ನು ಕೇಳಿದಳು. ಬರ್ತೀನಿ ಅಂದೆ. ಮನಸ್ಸು ಕೇಳುವ ಮೊದಲೇ ಬಾಯಿ ಅಂದುಬಿಟ್ಟಿತು. ನಾಲ್ಕು ಬಾಗಿಲುಗಳಿವೆ, ನಾಲ್ಕೂ ಮುಚ್ಚಿವೆ, ಯಾವುದರ ಹಿಂದೆ ಅವನಿದ್ದಾನೋ, ಆ ಬೂದು ಕೋಟಿನವನು. ಇಷ್ಟು ದೊಡ್ಡ ಕಚೇರಿ, ಇಷ್ಟೊಂದು ಜನ, ಅವನೇ ಇರಬೇಕೆಂದೇನೂ ಇಲ್ಲ. ತಿನ್ನು, ಎನ್ನುತ್ತಾಳೆ, ಬಟ್ಟೆಯಲ್ಲಿ ಸುತ್ತಿ ತಂದ ದಪ್ಪ ರೊಟ್ಟಿ, ಏಲಕ್ಕಿಯ ವಾಸನೆ, ಬೆಳಿಗ್ಗೆ ಏನೂ ತಿಂದಿರಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ, ಅದು ನಾಲಿಗೆಯ ಮೇಲೆ ಹಾಗೆಯೇ ಕುಳಿತಿದೆ, ಇಳಿಯುತ್ತಿಲ್ಲ.

ಅಕ್ಟೋಬರಿನಲ್ಲಿ ಬಂದಾಗ ಅವಳಿಗೆ ಏನೂ ಗೊತ್ತಿರಲಿಲ್ಲ, ಕಿಟಕಿ ಕೂಡ. ಹಾಸ್ಟೆಲಿನ ಮೇಲ್ವಿಚಾರಕ ಕ್ರಾಲ್ ಅವಳ ಕೋಣೆಯಲ್ಲಿ ನಿಂತು ಕಿಟಕಿಯನ್ನು ಪೂರ್ತಿ ತೆಗೆದು ತೋರಿಸಿದರು, ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ, ಹಿಮ ಬೀಳ್ತಿದ್ರೂ ಸರಿಯೇ, ಗೋಡೆಗೆ ಬೂಷ್ಟು ಬಂದ್ರೆ ನಿಮ್ಮ ಜವಾಬ್ದಾರಿ, ಗೊತ್ತಾಯ್ತಾ, ಅವಳು ಕೋಟು ಹಾಕಿಕೊಂಡು ಮಂಚದ ಮೇಲೆ ಕುಳಿತು ಹೂಂ ಹೂಂ ಎಂದಳು, ಅವರು ಹೋದ ಮೇಲೆ ಬಾಗಿಲ ಬಳಿ ಬಕೆಟ್ ಹಿಡಿದು ನಿಂತಿದ್ದ ನನ್ನನ್ನು ಕೇಳಿದಳು, ಇವರು ಚಳಿಗಾಲಕ್ಕೆ ಹೀಟರ್ ಯಾಕೆ ಇಟ್ಟಿದಾರೆ, ಬೀದಿ ಬೆಚ್ಚಗಾಗ್ಲಿ ಅಂತಾನಾ. ನನಗೆ ನಗು ಬಂತು. ನಾನು ಆ ಮನೆಯಲ್ಲಿ ನಗುವವಳಲ್ಲ, ಎರಡು ವರ್ಷದಿಂದ ಮೆಟ್ಟಿಲು ಒರೆಸುತ್ತಿದ್ದೇನೆ, ಓದುವ ಮಕ್ಕಳು ನನ್ನನ್ನು ದಾಟಿಕೊಂಡು ಹೋಗುತ್ತಾರೆ, ಒದ್ದೆಯಾದ ಮೆಟ್ಟಿಲನ್ನು ಮಾತ್ರ ನೋಡುತ್ತಾರೆ. ಒಂಬತ್ತನೆಯ ತರಗತಿಗೇ ಸ್ಕೂಲು ಬಿಟ್ಟವಳಿಗೆ ಇದು ಸಿಕ್ಕಿದ್ದೇ ದೊಡ್ಡದು ಎನ್ನುತ್ತಾಳೆ ಅಮ್ಮ, ತಲೆ ತಗ್ಗಿಸ್ಕೊಂಡು ಇರು, ಕಾಯಂ ಆಗೋವರೆಗೂ ಯಾರ ಕಣ್ಣಿಗೂ ಬೀಳ್ಬೇಡ. ಒಂದು ಭಾನುವಾರ ಸೆಬ್ಲೆ ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕಿದಳಂತೆ, ಮೇಲಿನ ಬಾಲ್ಕನಿಯಿಂದ ಒಬ್ಬ ಹೆಂಗಸು ಕೂಗಿದಳಂತೆ, ಇವತ್ತು ಯಾವ ವಾರ ಗೊತ್ತೇನ್ರಿ, ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ, ಅದು ತಿಳಿಯದೆ ಇವಳು ಗೊತ್ತು ಮೇಡಂ ಭಾನುವಾರ ಎಂದು ಹೇಳಿ ಇನ್ನೊಂದು ಬಾಟಲಿ ಹಾಕಿದಳಂತೆ, ಅವಳಿಗೆ ದಿನ ಬೇಕಾಗಿತ್ತೇನೋ ಅಂದ್ಕೊಂಡೆ ಯೆಟ್ಟೆ. ಹತ್ತು ಗಂಟೆಯ ಪಾಠಕ್ಕೆ ಹತ್ತು ಗಂಟೆಗೇ ಹೋಗಿ ಖಾಲಿ ಕೋಣೆಯಲ್ಲಿ ಕುಳಿತಿದ್ದು, ಕಾಲು ಗಂಟೆ ತಡವಾಗಿಯೇ ಶುರುವಾಗುವುದು ಇಲ್ಲಿಯ ರೂಢಿ ಎಂದು ಗೊತ್ತಿಲ್ಲದೆ ಎದ್ದು ಬಂದುಬಿಟ್ಟಿದ್ದು, ಮೊದಲ ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ್ದು, ಮೇಷ್ಟ್ರನ್ನ ಓಡಿಸ್ತಿದಾರೆ ಅಂತ ಎದೆ ಧಸಕ್ ಅಂತು, ನೋಡಿದ್ರೆ ಅದು ಮೆಚ್ಚುಗೆಯಂತೆ — ಹೀಗೆ ದಿನಕ್ಕೊಂದು ಕತೆ, ನಾನು ಮಾಪಿನ ಕೋಲು ಹಿಡಿದು ಕೇಳುತ್ತಿದ್ದೆ.

ಟಿಂಗ್, ನಲವತ್ತಮೂರು, ಮಗುವನ್ನೆತ್ತಿಕೊಂಡ ಹೆಂಗಸು ಎರಡನೆಯ ಬಾಗಿಲಿಗೆ ಹೋದಳು, ಬಾಗಿಲು ತೆರೆದಾಗ ಇಣುಕಿದೆ, ಮೇಜಿನ ಅಂಚು, ಒಂದು ಹೂಕುಂಡ, ಅಷ್ಟೇ ಕಂಡಿತು. ಹೊಗೆಯಾದರೆ ಎಚ್ಚರಿಸುವ ಗಂಟೆ ಬಡಿದುಕೊಂಡದ್ದು ಅಕ್ಟೋಬರಿನ ಕೊನೆಯಲ್ಲಿರಬೇಕು, ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಅವಳು ಬಾಣಲೆಯಲ್ಲಿ ಹಸಿ ಕಾಫಿ ಬೀಜ ಹುರಿಯುತ್ತಿದ್ದಳು, ಎಲ್ಲರೂ ಕಿವಿ ಮುಚ್ಚಿಕೊಂಡು ಓಡಿದರು, ನಾನು ಕುರ್ಚಿ ಹತ್ತಿ ಗಂಟೆಯನ್ನು ಛಾವಣಿಯಿಂದ ತಿರುಗಿಸಿ ಬಿಚ್ಚಿ ದಿಂಬಿನ ಕೆಳಗೆ ಅದುಮಿದೆ, ಅಷ್ಟಕ್ಕೇ ಅವಳು ನನ್ನನ್ನು ಕೂರಿಸಿ ಮೂರು ಸುತ್ತು ಕಾಫಿ ಕೊಟ್ಟಳು, ಒಂದೇ ಪುಡಿಗೆ ಮೂರು ಸಲ ನೀರು, ಮೂರನೇದು ಕುಡೀದೆ ಎದ್ದು ಹೋದ್ರೆ ನಂಗೆ ಅವಮಾನ. ಆವತ್ತೇ ಹೇಳಿದ್ದು, ನಮ್ಮೂರಲ್ಲಿ ಮನೆಗೆ ಕಾಗದ ಬರಲ್ಲ, ಪೋಸ್ಟಾಫೀಸಲ್ಲಿ ಒಂದು ಪೆಟ್ಟಿಗೆ ಇರುತ್ತೆ, ಅದಕ್ಕೊಂದು ನಂಬರು, ನಮ್ಮಪ್ಪಂದು ಎರಡು ಸಾವಿರದ ಹನ್ನೊಂದು, ಆ ನಂಬರಿದ್ರೆ ಸಾಕು, ಪ್ರಪಂಚದ ಯಾವ ಮೂಲೆಯಿಂದ್ಲೂ ಬರುತ್ತೆ. ಇಲ್ಲಿ ನಂಬರನ್ನು ಯಾರೂ ನೋಡುವುದಿಲ್ಲ ಎಂದು ನಾನೇ ಹೇಳಿದೆ, ಇಲ್ಲಿ ಬೀದಿ, ಮನೆ, ಹೆಸರು, ಕೋಣೆಯ ಸಂಖ್ಯೆಯನ್ನು ಯಾವ ಕಚೇರಿಯೂ ಬರೆಯುವುದಿಲ್ಲ, ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ಅವಳು ನಕ್ಕಳು, ಕೆಳಗಿನ ಪೆಟ್ಟಿಗೆ ಮೇಲೆ ನನ್ನ ಕೋಣೆ ನಂಬರು ಮುನ್ನೂರ ಹದಿನೇಳು ಅಂತ ಇಷ್ಟು ದಪ್ಪಕ್ಕೆ ಬರೆದಿದೆಯಲ್ಲ. ನಂಬಲಿಲ್ಲ. ನಾನೇ ಒಂದು ಚೂರು ಕಾಗದದಲ್ಲಿ ಅವಳ ಹೆಸರು ಬರೆದು ಟೇಪು ಹಚ್ಚಿದೆ, ಕಾಗದಗಳು ಬಂದವು, ಅವು ನಂಬರಿನಿಂದಲೇ ಬರುತ್ತಿವೆ ಎಂದು ಅವಳು ತಿಳಿದುಕೊಂಡಳು, ನಾನು ತಿದ್ದಲಿಲ್ಲ.

ಕಿತ್ತದ್ದೂ ನಾನೇ. ನವೆಂಬರಿನಲ್ಲಿ ಕ್ರಾಲ್ ಪೆಟ್ಟಿಗೆಗಳ ಸಾಲಿನ ಮುಂದೆ ನಿಂತು ಮುಖ ಸಿಂಡರಿಸಿದರು, ಏನಿದು, ಸಂತೆ ಥರ ಕಾಣ್ತಿದೆ, ಕೈಬರಹದ್ದು ಎಲ್ಲಾ ಕಿತ್ತಾಕು ಹುಡುಗಿ, ಅಚ್ಚು ಹಾಕ್ಸಿದ್ದು ಸೋಮವಾರ ಬರುತ್ತೆ. ಉಗುರಿನಿಂದ ಕೆರೆದು ಕೆರೆದು ಹನ್ನೊಂದು ಹೆಸರು ಕಿತ್ತೆ. ಸೋಮವಾರ ಲಕೋಟೆ ಕೊಟ್ಟರು, ಸಣ್ಣ ಸಣ್ಣ ಬಿಳಿ ಪಟ್ಟಿಗಳು, ಹತ್ತನ್ನು ಸಿಕ್ಕಿಸಿದೆ, ಹನ್ನೊಂದನೆಯದು, ಸೆಬ್ಲೆಯದು, ಸಿಕ್ಕಿಸುವಾಗ ಎರಡನೆಯ ಮಹಡಿಯಲ್ಲಿ ಯಾರೋ ಸೂಪು ಚೆಲ್ಲಿದ್ದಾರೆ ಎಂದು ಕರೆದರು, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಓಡಿದೆ, ಸಂಜೆ ಏಪ್ರನ್ನು ಕುದಿಯುವ ನೀರಿನ ವಾಷಿಂಗ್ ಮೆಷಿನ್ನಿಗೆ ಹೋಯಿತು, ಮರುದಿನ ಜೇಬಿನಲ್ಲಿ ಒಂದು ಚಿಟಿಕೆ ಬಿಳಿ ಹಿಟ್ಟು. ಕೇಳಬೇಕಿತ್ತು. ಕ್ರಾಲ್ ಅವರೇ, ಒಂದು ಹಾಳಾಯ್ತು, ಇನ್ನೊಂದು ಬೇಕು. ಹೇಳಲು ಇಷ್ಟೇ ಇತ್ತು. ಆದರೆ ಹಿಂದಿನ ತಿಂಗಳಷ್ಟೇ ನೆಲಮಾಳಿಗೆಯ ಬೀಗದ ಕೈ ಕಳೆದಿದ್ದೆ, ಇನ್ನೊಂದ್ಸಲ ಹೀಗಾದ್ರೆ ನಿನ್ನ ಕಾಯಂ ಕಾಗದಕ್ಕೆ ನಾನು ಸಹಿ ಹಾಕಲ್ಲ ಅಂದಿದ್ದರು, ಅವರ ಆಫೀಸಿನ ಬಾಗಿಲವರೆಗೆ ಹೋದೆ, ಒಳಗೆ ಅವರು ಫೋನಿನಲ್ಲಿ ನಗುತ್ತಿದ್ದರು, ನಗು ನಿಂತ ಮೇಲೆ ಹೋಗೋಣ ಎಂದು ನಿಂತೆ, ನಗು ನಿಂತಿತು, ವಾಪಸ್ ಬಂದೆ. ನಾಳೆ ಎಂದುಕೊಂಡೆ. ನಾಳೆಗಳು ಕ್ರಿಸ್‌ಮಸ್ ದಾಟಿದವು.

ಒಂಬತ್ತೂಕಾಲಕ್ಕೆ ಅವಳು ಕೆಳಗಿಳಿದು ಬರುತ್ತಿದ್ದಳು. ಪೆಟ್ಟಿಗೆ ತೆರೆಯುತ್ತಾಳೆ, ಖಾಲಿ ಎಂದು ಕಾಣುತ್ತಿದೆ, ಆದರೂ ಎರಡು ಬೆರಳನ್ನು ಒಳಗೆ ಹಾಕಿ ತಗಡಿನ ಹಿಂಗೋಡೆಯವರೆಗೂ ಸವರುತ್ತಾಳೆ, ಮೂಲೆಗೆ ಅಂಟಿಕೊಂಡಿರಬಹುದೇನೋ ಎಂಬಂತೆ. ಪೋಸ್ಟ್ ಬಂತಾ ಯೆಟ್ಟೆ. ನೋಡ್ಲಿಲ್ಲ. ಪರವಾನಗಿ ಆಫೀಸಿಗೆ ಮೇಲ್ ಹಾಕಿದ್ದೆ, ದಿನಾಂಕ ಕಾಗದದಲ್ಲಿ ಕಳಿಸ್ತೀವಿ ಕಾಯಿರಿ ಅಂದಿದಾರೆ, ನಿಮ್ಮೋರು ಎಲ್ಲದಕ್ಕೂ ಕಾಗದ ಯಾಕೆ ಹಾಕ್ತಾರೆ. ನಮ್ಮೋರು ಹಂಗೇ. ಅವಳು ಹೋಗಿ ಅರ್ಧ ಗಂಟೆಗೆ ಹಳದಿ ಸೈಕಲ್ಲಿನಲ್ಲಿ ಪೋಸ್ಟಿನ ಹೈಕೆ ಬರುತ್ತಾಳೆ, ಸರಸರ ಹಾಕುತ್ತಾಳೆ, ಒಂದು ದಿನ ಕೈ ತಡೆದು ನಿಂತಳು, ಈ ದೆಗೆಫು ಯಾರಮ್ಮ, ಮೂರನೇ ಸಲ ಬರ್ತಿದೆ, ಹೆಸರೇ ಇಲ್ಲ ಅಂದ್ರೆ ನಾನೇನು ಕಣಿ ಹೇಳ್ಕೊಂಡು ಹಾಕ್ಲಾ. ನಾನು ಮೂಲೆಯಲ್ಲಿ ಬಗ್ಗಿ ಟೈಲ್ಸಿನ ಸಂದು ಉಜ್ಜುತ್ತಿದ್ದೆ, ಉಜ್ಜುತ್ತಲೇ ಇದ್ದೆ, ಹೈಕೆ ನನ್ನನ್ನು ಕೇಳಿದ್ದೋ ತನಗೆ ತಾನೇ ಅಂದುಕೊಂಡದ್ದೋ, ತನಗೆ ತಾನೇ ಇರಬೇಕು ಎಂದುಕೊಂಡೆ, ಅವಳು ಲಕೋಟೆಯ ಮೇಲೆ ಏನೋ ಗೀಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಮರುದಿನ ಒಂಬತ್ತೂಕಾಲಕ್ಕೆ ಎರಡು ಬೆರಳು.

ಟಿಂಗ್, ನಲವತ್ತಾರು, ಮಧ್ಯದ ಅಂಕಿಗಳು ಯಾವಾಗ ಹೋದವೋ. ಅವಳು ನನ್ನನ್ನು ಪಾಠಕ್ಕೆ ಕರೆದುಕೊಂಡು ಹೋದದ್ದು ಡಿಸೆಂಬರಿನಲ್ಲಿ, ಬೇಡ ಎಂದೆ, ನಂಗೇನು ಅರ್ಥವಾಗುತ್ತೆ, ನಂಗೂ ಅರ್ಧ ಆಗಲ್ಲ ಅಂದಳು, ಜೊತೇಲಿ ಕೂತ್ಕೊಂಡು ಆಗದೇ ಇರೋಣ ಬಾ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬೆಂಚುಗಳು, ನಾನು ಹುಟ್ಟಿದ ಊರಿನಲ್ಲೇ ಇಷ್ಟು ದೊಡ್ಡ ಕೋಣೆ ಇದ್ದದ್ದು ನನಗೆ ಗೊತ್ತಿರಲಿಲ್ಲ, ಒಬ್ಬ ಸಣ್ಣ ಮನುಷ್ಯ ನದಿಯ ಬಗ್ಗೆ, ನದಿ ತಳದ ಮಣ್ಣಿನ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಸೆಬ್ಲೆ ತಲೆ ಎತ್ತದೆ ಬರೆಯುತ್ತಿದ್ದಳು, ನಾಲಿಗೆಯ ತುದಿ ಕಚ್ಚಿಕೊಂಡು, ಕೊನೆಗೆ ಎಲ್ಲರೂ ಮೇಜು ಕುಟ್ಟಿದಾಗ ನನ್ನ ಕೈಯನ್ನೂ ಹಿಡಿದು ಕುಟ್ಟಿಸಿದಳು, ಸ್ಕೂಲು ಬಿಟ್ಟಮೇಲೆ ನಾನು ಮೇಜಿನ ಮುಂದೆ ಕುಳಿತದ್ದು ಅದೇ ಮೊದಲು. ಆವತ್ತು ದಾರಿಯಲ್ಲಿ ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆ. ಸೇತುವೆ ದಾಟಿದ ಮೇಲೆ ಹೇಳುತ್ತೇನೆ, ಟ್ರಾಮು ನಿಂತ ಮೇಲೆ, ದೀಪದ ಕಂಬದ ಬಳಿ. ಎಲ್ಬೆ ನದಿಯ ಮೇಲೆ ಮಂಜಿತ್ತು, ನೀರು ಕಾಣುತ್ತಿರಲಿಲ್ಲ, ಹರಿಯುವ ಸದ್ದು ಮಾತ್ರ ಕೆಳಗೆ.

ಬೂದು ಕೋಟಿನವನು ಬಂದದ್ದು ಜನವರಿಯ ಎರಡನೆಯ ವಾರ. ಕ್ರಾಲ್ ಸೊಂಟ ನೋವಿಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದರು, ಇನ್ನೂ ಬಂದಿಲ್ಲ, ಮನೆಯಲ್ಲಿ ಕೇಳಲು ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಅವನು ಪೆಟ್ಟಿಗೆಗಳ ಮೇಲೆ ತೋರುಬೆರಳು ಆಡಿಸುತ್ತ ಒಂದೊಂದೇ ಹೆಸರು ಓದಿದ, ಬಾಗಿಲ ಕರೆಗಂಟೆಯ ಹೆಸರುಗಳನ್ನೂ ಓದಿದ, ಆಮೇಲೆ ತಿರುಗಿ ನಗರದ ನೋಂದಣಿ ಕಚೇರಿಯಿಂದ ಬಂದಿದೀನಿ, ದೆಗೆಫು ಅನ್ನೋರು ಇಲ್ಲಿದಾರಾ ಅಂದ. ಒಂಬತ್ತೂವರೆ. ಅವಳು ಹೋಗಿ ಹದಿನೈದು ನಿಮಿಷವಾಗಿತ್ತಷ್ಟೇ, ಅವಳ ಬೂಟಿನ ಗುರುತು ನನ್ನ ಒದ್ದೆ ನೆಲದ ಮೇಲೆ ಇನ್ನೂ ಆರಿರಲಿಲ್ಲ. ಇದಾರೆ ಅಂದರೆ ಹೆಸರೇಕಿಲ್ಲ ಎಂದು ಕೇಳುತ್ತಾನೆ, ಯಾರು ಕಿತ್ತರು, ಯಾವಾಗ, ಕ್ರಾಲ್ ಅವರಿಗೆ ಫೋನ್ ಮಾಡುತ್ತಾನೆ, ಎರಡು ತಿಂಗಳು ಏನು ಮಾಡ್ತಿದ್ದೆ ಹುಡುಗಿ. ಗೊತ್ತಿಲ್ಲ, ಅಂದೆ. ಅವನು ಕಾದ. ಅಂಥೋರು ಯಾರೂ ಇಲ್ಲ ಅನ್ಸುತ್ತೆ, ಅಂದೆ, ನಾನು ಬರೀ ಒರೆಸೋಳು. ಅವನು ಗೋಡೆಗೆ ಫೈಲು ಆನಿಸಿ ಒಂದು ಸಾಲು ಬರೆದ, ಬಹಳ ಧನ್ಯವಾದ ಅಂದ, ಒದ್ದೆಯಿದ್ದಲ್ಲಿ ಕಾಲಿಡದಂತೆ ಅಂಚಿನಲ್ಲಿ ನಡೆದು ಹೋದ. ಒಳ್ಳೆಯ ಮನುಷ್ಯ. ನಾನು ಅವಳ ಬೂಟಿನ ಗುರುತನ್ನು ಒರೆಸಿದೆ, ಅದು ನನ್ನ ಕೆಲಸ, ಒರೆಸಲೇಬೇಕಿತ್ತು. ಮರುದಿನ ಒಂಬತ್ತೂಕಾಲಕ್ಕೆ ಎರಡು ಬೆರಳು, ತಗಡಿನ ಮೇಲೆ ಸರಿಯುವ ಸಣ್ಣ ಸದ್ದು, ಸರ್ ಸರ್, ಮೂಲೆಯಿಂದ ಮೂಲೆಗೆ.

ಟಿಂಗ್, ನಲವತ್ತೆಂಟು. ಯಾಕೆ ಆ ಬಾಗಿಲುಗಳನ್ನೇ ನೋಡ್ತಿದೀಯಾ, ಎನ್ನುತ್ತಾಳೆ, ಹೆದರಬೇಕಾಗಿರೋಳು ನಾನು. ಏನಿಲ್ಲ ಅಂದೆ. ಈ ಕೆಲ್ಸ ಆದ್ಮೇಲೆ ನಮ್ಮ ಕಾಫಿ ಕುಡ್ಸ್ತೀನಿ, ಮೂರು ಸುತ್ತು, ಗಂಟೆ ಬಿಚ್ಚೋಕೆ ನೀನಿದೀಯಲ್ಲ. ಈಗ ಹೇಳಬಹುದು, ಈಗಲೇ, ಒಂದು ಅಂಕಿಯಷ್ಟು ಹೊತ್ತಿದೆ, ಸೆಬ್ಲೆ ಒಂದು ನಿಮಿಷ — ಟಿಂಗ್, ನಲವತ್ತೊಂಬತ್ತು, ಮೂರನೆಯ ಬಾಗಿಲು, ಅವಳು ಎದ್ದಳು, ನನ್ನ ಕೈ ಅವಳ ಕೈಯಲ್ಲಿದೆ, ಬಾಗಿಲು ತೆರೆಯಿತು, ಮೇಜಿನ ಹಿಂದೆ ಕೆಂಪು ಕನ್ನಡಕದ ಹೆಂಗಸು, ಅವನಲ್ಲ, ಹೆಂಗಸು, ನಾಲಿಗೆಯ ಮೇಲಿದ್ದ ರೊಟ್ಟಿ ಇಳಿಯಿತು. ಕೂತ್ಕೊಳ್ಳಿ. ಫೈಲು ನೋಡಿದಳು, ಪರದೆ ನೋಡಿದಳು, ನನ್ನನ್ನು ನೋಡಿದಳು, ಇವರು ನಿಮಗೆ ಗೊತ್ತಾ. ಗೊತ್ತು. ಯಾವಾಗಿಂದ. ಅಕ್ಟೋಬರಿಂದ, ದಿನಾ ನೋಡ್ತೀನಿ, ನಾನು ಆ ಮನೇಲಿ ಕೆಲಸ ಮಾಡ್ತೀನಿ — ನನ್ನ ದನಿಯೇ, ಎಷ್ಟು ಸಲೀಸಾಗಿ ಬಂತು, ಆಗಿಹೋಯಿತು, ಇಷ್ಟೇ ಇತ್ತು. ಹಾಗಾದ್ರೆ ನಮ್ಮವರು ಯಾಕೆ ಹಾಗೆ ಬರೆದ್ರು, ಎಂದು ಹೆಂಗಸು ಹುಬ್ಬು ಗಂಟಿಕ್ಕಿ ಕುರ್ಚಿಯಲ್ಲೇ ಹಿಂದೆ ವಾಲಿ ಒಳಬಾಗಿಲಿಗೆ ಬಡಿದಳು, ರೈನರ್, ಒಂದ್ನಿಮಿಷ ಬರ್ತೀಯಾ. ಹೆಜ್ಜೆಗಳು. ಕೋಟಿಲ್ಲ, ಹಳದಿ ಸ್ವೆಟರು, ಕೈಯಲ್ಲಿ ಚಹಾದ ಲೋಟ, ಅವನು ಸೆಬ್ಲೆಯತ್ತ ನೋಡಲೂ ಇಲ್ಲ, ನನ್ನತ್ತ ನೋಡಿದ, ಪರಿಚಯದವರನ್ನು ಕಂಡಂತೆ ಮುಖ ಅರಳಿತು, ಓ ನೀವು, ಬಕೆಟ್ ಹಿಡ್ಕೊಂಡಿದ್ದವರು, ನೀವೇ ಅಲ್ವಾ ಹೇಳಿದ್ದು ಅಂಥೋರು ಯಾರೂ ಇಲ್ಲ ಅಂತ. ಬೇಗ ಬೇಗ ಆಡಿದ ಮಾತು, ಸೆಬ್ಲೆಗೆ ನಮ್ಮ ಭಾಷೆ ಅಷ್ಟು ಬೇಗ ಹಿಡಿಯುವುದಿಲ್ಲ, ಅವಳ ಮುಖದ ಮೇಲೆ ನಗು ಹಾಗೆಯೇ ಇದೆ, ನನ್ನ ಕಡೆ ತಿರುಗುತ್ತಾಳೆ, ಏನಂದ್ರು ಯೆಟ್ಟೆ. ಹೆಂಗಸು ನನ್ನನ್ನು ನೋಡುತ್ತಿದ್ದಾಳೆ, ಅವನು ನೋಡುತ್ತಿದ್ದಾನೆ. ಏನಂದ್ರು ಅವರು. ಎರಡು ಬೆರಳು ಖಾಲಿ ಪೆಟ್ಟಿಗೆಯೊಳಗೆ ಹೋಗುತ್ತವೆ, ತಗಡಿನ ಹಿಂಗೋಡೆ ಮುಟ್ಟುತ್ತವೆ, ಮೂಲೆ ಸವರುತ್ತವೆ, ಏನೂ ಇಲ್ಲ, ಮತ್ತೆ ಸವರುತ್ತವೆ, ಎರಡು ಬೆರಳು, ಎರಡು ಬೆರಳು