ಎಲ್ಲ ಕಾಲಿಗೂ ಒಂದೇ ಹಾಳೆ

ಸೀಮೆಸುಣ್ಣದ ಪುಡಿಯ ವಾಸನೆ ಎಂದರೆ ನನಗೆ ಚಿಕ್ಕಂದಿನಲ್ಲಿ ಮುಖ ಹುದುಗಿಸುತ್ತಿದ್ದ ಮೇಷ್ಟರಾಗಿದ್ದ ಅಪ್ಪನ ಅಂಗಿ. ತಂಗಿಯ ಆಪರೇಷನ್ನಿಗೆ ಮುಂಚೆ ಡಾಕ್ಟರು ಅಂಗೈಗೆ ಸುರಿದು ತೋರಿಸಿದ ಬಿಳಿ ಹರಳುಗಳು ಥೇಟ್ ಮುರಿದ ಸೀಮೆಸುಣ್ಣ. ವಾಸನೆ ಮಾತ್ರ ಇರಲಿಲ್ಲ.

"ಇದು ಕಾರ್ಖಾನೇಲಿ ಮಾಡಿದ್ದು. ಮೊಣಕಾಲ ಕೆಳಗಿನ ಮೂಳೆಯಿಂದ ಗಡ್ಡೆ ಕೆರೆದು ತೆಗೆದ್ಮೇಲೆ ಪೊಳ್ಳಾಗುತ್ತಲ್ಲ, ಅಲ್ಲಿಗೆ ತುಂಬ್ತೀವಿ. ಇದರ ಆಸರೆ ಹಿಡ್ಕೊಂಡು ನಿಮ್ಮದೇ ಮೂಳೆ ಬೆಳೆಯುತ್ತೆ."

ತಂಗಿ ದರ್ಜಿ. "ಒಳಗೊಂದು ಲೈನಿಂಗ್ ಕೊಟ್ಟ ಹಾಗೆ ಅನ್ನಿ" ಎಂದು ನಕ್ಕಿದ್ದಳು.

ಮನೆಗೆ ಬಂದ ಹನ್ನೆರಡನೆಯ ದಿನ, ಬಚ್ಚಲಿಗೆ ನಡೆಯುವಾಗ, ಆ ಮೂಳೆ ಲಟಕ್ಕೆಂದು ಬಿರುಕುಬಿಟ್ಟಿತು.

ಮತ್ತೆ ಅದೇ ವಾರ್ಡು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಗದರಿದರು. "ಆರು ವಾರ ಕಾಲು ಊರಬಾರದಿತ್ತು. ನಡೆಯೋಕೆ ಯಾರ್ರೀ ಹೇಳಿದ್ದು?"

ತಂಗಿ ನನ್ನ ಮುಖ ನೋಡಿದಳು. "ಅಕ್ಕಾ, ನಾನೇ ಹೆಚ್ಚು ಓಡಾಡಿದೆನೇನೋ."

"ನೀನು ಸುಮ್ಮನಿರೇ" ಎಂದು, ಇಲ್ಲಿಂದ ಕಳಿಸುವಾಗ ಕೊಟ್ಟಿದ್ದ ಅಚ್ಚಿನ ಹಾಳೆಯನ್ನು ಚೀಲದಿಂದ ತೆಗೆದೆ. "ಓದಿ ಡಾಕ್ಟ್ರೇ. 'ಎರಡನೆಯ ದಿನದಿಂದ ನಡೆಯಬಹುದು.' ಕೆಳಗೆ ನಿಮ್ಮದೇ ಮೊಹರು."

ಅದು ಮೂಳೆಗೆ ರಾಡ್ ಹಾಕಿಸಿಕೊಂಡವರ ಹಾಳೆ. ಕಾಲಿನ ಆಪರೇಷನ್ ಯಾವುದೇ ಇರಲಿ, ಆ ವಾರ್ಡಿನಲ್ಲಿ ಎಲ್ಲರಿಗೂ ಅದೇ ಕಟ್ಟಿನಿಂದ ಒಂದನ್ನು ಹರಿದು ಕೊಡುತ್ತಿದ್ದರು. ರಾಡ್ ಭಾರ ಹೊರುತ್ತದೆ. ಹರಳುಗಳು, ಮೂಳೆ ಬೆಳೆಯುವವರೆಗೆ, ಹೊರುವುದಿಲ್ಲ.

ಡಾಕ್ಟರು ಹಾಳೆಯನ್ನು ಮಡಿಸಿಟ್ಟರು. "ಆಯ್ತು, ಇವತ್ತೇ ಮತ್ತೆ ಆಪರೇಷನ್ ಮಾಡ್ತೀವಿ. ಇಬ್ಬರೂ ಸಹಿ ಹಾಕಿ."

ಒಪ್ಪಿಗೆ ಪತ್ರವನ್ನು ಕನ್ನಡಕ ಏರಿಸಿ ಓದಿದೆ. ಮೂರನೆಯ ಸಾಲು: 'ರೋಗಿಯು ಸೂಚನೆ ಮೀರಿ ನಡೆದ ಕಾರಣ.'

ಮೈಯೆಲ್ಲ ಉರಿದುಹೋಯಿತು. ತಂಗಿ ಪೆನ್ನಿಗೆ ಕೈ ಚಾಚಿದಳು, ಕಸಿದುಕೊಂಡೆ.

"ಮುರಿದ ಕಾಲೂ ಇವಳದೇ, ತಪ್ಪೂ ಇವಳದೇನಾ? ಈ ಸಾಲು ಹೊಡೆದು ಹಾಕಿ!" ನನ್ನ ದನಿಗೆ ಪಕ್ಕದ ಮಂಚದವರೆಲ್ಲ ಎದ್ದು ಕೂತರು.

"ಅಮ್ಮಾ, ಹಠ ಮಾಡಬೇಡಿ. ತಡವಾದ್ರೆ ಕಷ್ಟ ಇವರಿಗೇ."

"ಹೆದರಿಸ್ತೀರಾ? ತಡ ಮಾಡ್ತಿರೋದು ನಾನಲ್ಲ, ನಿಮ್ಮ ಮೂರನೇ ಸಾಲು."

ಬಾಗಿಲ ಬಳಿಯಿದ್ದ ನರ್ಸ್ ಮುಂದೆ ಬಂದಳು. "ಡಾಕ್ಟ್ರೇ, ಆ ಹಾಳೆ ಕೊಟ್ಟವಳು ನಾನು. ಓದದೇ ಕೊಟ್ಟೆ. ಅವರು ಅದರಲ್ಲಿದ್ದ ಹಾಗೇ ನಡೆದಿದ್ದಾರೆ."

ಡಾಕ್ಟರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಕಾಗದ ಹರಿಯುವಷ್ಟು ಒತ್ತಿ ಆ ಸಾಲು ಹೊಡೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ನಾವೂ ಹಾಕಿದೆವು.

ತಂಗಿಯನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತೆ. ಚೀಲದಿಂದ ತೆಗೆದ ನೀರಿನ ಬಾಟಲಿಯ ಮುಚ್ಚಳ ತಿರುಗದೆ, ಹಾಗೇ ಪಕ್ಕಕ್ಕಿಟ್ಟೆ. ಕೋಪ ಇಳಿದಿರಲಿಲ್ಲ, ಆ ನರ್ಸಿನ ಮೇಲೂ. ಅವಳು ಬಂದು, ತನ್ನ ಊಟದ ಡಬ್ಬಿಯ ಬಿಗಿ ಮುಚ್ಚಳವನ್ನು ಸಡಿಲಿಸಿ, ಡಬ್ಬಿಯನ್ನು ನನ್ನ ಕೈಗಿತ್ತಳು.